ಕ್ರೀಟ್ 1941: ಮೊದಲೇ ಗೊತ್ತಿದ್ದೂ ಸೋತಿದ್ದು ಯಾಕೆ?

ರಘು: 1941ರ ಮೇ 20ಕ್ಕೆ ಜರ್ಮನ್ನರು ಬ್ರಿಟಿಷರ ಕಡೆಯವರು ಕಾಯುತ್ತಿದ್ದ ಗ್ರೀಸ್‌ನ ಕ್ರೀಟ್ ದ್ವೀಪದ ಮೇಲೆ ಪ್ಯಾರಾಚೂಟ್ ಪಡೆ ಇಳಿಸಿದರು. ಬ್ರಿಟನ್ನಿನ ಗುಪ್ತಲಿಪಿ ಬಿಡಿಸುವ ಕೇಂದ್ರವಾದ ಬ್ಲೆಚ್ಲಿ ಪಾರ್ಕ್‌ನವರು ಜರ್ಮನ್ನರ ಎನಿಗ್ಮಾ ಯಂತ್ರದ ಗುಪ್ತ ಸಂದೇಶಗಳನ್ನು ಬಿಡಿಸಿ ಒಂದು ವಾರ ಮುಂಚೆಯೇ ತಿಳಿಸಿದ್ದರು, ಮಾಲೆಮೆ ವಿಮಾನ ನಿಲ್ದಾಣದ ಹೆಸರು ಸಮೇತ. ಆದರೂ ದ್ವೀಪದ ರಕ್ಷಣೆಯ ಹೊಣೆ ಹೊತ್ತಿದ್ದ ಜನರಲ್ ಫ್ರೈಬರ್ಗ್ ಸಮುದ್ರದ ಕಡೆಗೇ ನೋಡುತ್ತಾ ಕೂತರು. ಇದನ್ನು ಹೇಗೆ ಒಪ್ಪೋದು?

ಕಡಲಹಕ್ಕಿ: ಅಷ್ಟು ಸುಲಭ ಅಲ್ಲ ಗುರು. ಮೇ 13ರ ಅದೇ ವರದಿಯಲ್ಲಿ ಸಮುದ್ರದ ಮೂಲಕ 10,000 ಜನ ಬರುತ್ತಾರೆ ಅಂತಾನೂ ಇತ್ತು. ಓದಿದವರು ಕರಾವಳಿಯನ್ನು ಕಾಯುವುದು ಬಿಟ್ಟು ಇನ್ನೇನು ಮಾಡಬೇಕು? ಜೊತೆಗೆ ಈ ಮಾಹಿತಿ ಎಲ್ಲಿಂದ ಬಂತು ಅಂತ ತಮ್ಮ ಅಧಿಕಾರಿಗಳಿಗೂ ಹೇಳುವ ಹಾಗಿರಲಿಲ್ಲ. ಪಕ್ಕದಲ್ಲಿ ಕೂತು "ಇದರ ಅರ್ಥ ಬೇರೆ ಇರಬಹುದಲ್ವಾ ಸರ್" ಅನ್ನುವವರೇ ಇಲ್ಲ.

ರಘು: 10,000 ಸರಿ, ಆದರೆ ಯಾವುದರಲ್ಲಿ ಬರೋದು? ಕೊನೆಗೆ ಬಂದಿದ್ದು ಗ್ರೀಕರ ಮೀನು ದೋಣಿಯಂಥ ಸಣ್ಣ ದೋಣಿಗಳು, ಕಾವಲಿಗೆ ಇಟಲಿಯ ಲೂಪೋ ಅನ್ನೋ ಒಂದೇ ಒಂದು ಪುಟ್ಟ ಯುದ್ಧನೌಕೆ. ಮೇ 21ರ ರಾತ್ರಿ ಬ್ರಿಟಿಷ್ ನೌಕಾಪಡೆ ಅದನ್ನೆಲ್ಲ ಚದುರಿಸಿಬಿಟ್ಟಿತು.

ಸುಮಾ: ಈಗ ಕೂತು ಹಾಗೆ ಹೇಳೋದು ಸುಲಭ. ಮರುದಿನವೇ ಅದೇ ನೌಕಾಪಡೆಯ ಗ್ಲೌಸ್ಟರ್, ಫಿಜಿ ಎರಡೂ ಕ್ರೂಸರ್‌ಗಳನ್ನು ಜರ್ಮನ್ ವಿಮಾನಗಳು ಮುಳುಗಿಸಿದವು. ಹಗಲಲ್ಲಿ ಆಕಾಶ ಅವರದೇ ಆಗಿರುವಾಗ ದೋಣಿಗಳನ್ನು ನೋಡಿ ನಗುವ ಹಾಗಿರಲಿಲ್ಲ. ಆದರೆ ರಘು ಹೇಳಿದ್ದರಲ್ಲಿ ಒಂದು ನಿಜ ಇದೆ. ಜರ್ಮನ್ನರ ಕೈಗೆ ಹೋದ ಮಾಲೆಮೆ ವಾಪಸ್ ಪಡೆಯಲು ಹೊರಡಬೇಕಿದ್ದ ನ್ಯೂಜಿಲೆಂಡ್ ಬೆಟಾಲಿಯನ್, ತನ್ನ ಜಾಗಕ್ಕೆ ಆಸ್ಟ್ರೇಲಿಯಾದವರು ಬಂದು ಕರಾವಳಿ ಕಾಯುವವರೆಗೆ ಹೊರಡಬಾರದು ಅಂತ ಆಜ್ಞೆ. ಅವರು ತಡವಾಗಿ ಬಂದರು, ದಾಳಿಯೂ ತಡವಾಯಿತು, ಬೆಳಕು ಹರಿಯಿತು, ಮೇಲಿಂದ ವಿಮಾನಗಳು ಶುರು ಹಚ್ಚಿಕೊಂಡವು. ಬರದೇ ಇದ್ದ ದೋಣಿಗಳ ಭಯ ಮಾಡಿದ ಹಾನಿ ಅದು.

ಗಿರೀಶ: ಜರ್ಮನ್ನರ ಕಡೆ ಇನ್ನೂ ತಮಾಷೆ. ಅವರ ಗುಪ್ತಚರರು ದ್ವೀಪದಲ್ಲಿ ಸುಮಾರು 5,000 ಸೈನಿಕರು ಇರಬಹುದು ಅಂದುಕೊಂಡಿದ್ದರು. ಇದ್ದಿದ್ದು ಗ್ರೀಕರನ್ನೂ ಸೇರಿಸಿ 40,000ಕ್ಕೂ ಜಾಸ್ತಿ! ಇಳಿದವರನ್ನು ಜನ ಸ್ವಾಗತಿಸ್ತಾರೆ ಅಂತ ಬೇರೆ ನಂಬಿದ್ದರು. ಹಳ್ಳಿಯವರು ಕುಡುಗೋಲು ಹಿಡಿದು ಬಂದರು.

ಕಡಲಹಕ್ಕಿ: ಹಾಗಾದರೆ ಗೆದ್ದಿದ್ದು ಹೇಗೆ?

ಗಿರೀಶ: ಮೊದಲ ರಾತ್ರಿ ಮಾಲೆಮೆ ನಿಲ್ದಾಣವನ್ನು ಮೇಲಿಂದ ಕಾಯುವ 107ನೇ ಗುಡ್ಡ ಖಾಲಿಯಾಯಿತಲ್ಲ, ಅದರಿಂದಲೇ ನಿಲ್ದಾಣ ಜರ್ಮನ್ನರಿಗೆ ಸಿಕ್ಕಿತು. ಗುಡ್ಡ ಕಾಯುತ್ತಿದ್ದ ನ್ಯೂಜಿಲೆಂಡ್ ಕರ್ನಲ್‌ಗೆ ತನ್ನ ಕಂಪನಿಗಳ (ಸೈನಿಕ ತುಕಡಿಗಳ) ಜೊತೆ ಸಂಪರ್ಕವೇ ಇರಲಿಲ್ಲ, ಅವು ಮುಗಿದೇ ಹೋದವು ಅಂದುಕೊಂಡು ಹಿಂದೆ ಸರಿದರು. ಅವು ಇನ್ನೂ ಹೋರಾಡುತ್ತಿದ್ದವು. ಬ್ಲೆಚ್ಲಿಯಿಂದ ಸಂದೇಶ ಬರುತ್ತಿತ್ತು, ಗುಡ್ಡದ ಕೆಳಗಿಂದ ಬರುತ್ತಿರಲಿಲ್ಲ.