ಗೃಹಲಕ್ಷ್ಮಿ ದುಡ್ಡು, ಡೀಸೆಲ್ ತೆರಿಗೆ: ಕೊಟ್ಟಿದ್ದೆಷ್ಟು, ಕಿತ್ತಿದ್ದೆಷ್ಟು?

ಪ್ರಶ್ನೆ: ಹಳ್ಳಿಯಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದೇನೆ. 2023ರ ಆಗಸ್ಟ್‌ನಲ್ಲಿ ಗೃಹಲಕ್ಷ್ಮಿ ಶುರುವಾದ ಮೇಲೆ, ಹೆಂಗಸರ ಖಾತೆಗೆ 2,000 ರೂಪಾಯಿ ಬಿದ್ದ ವಾರ ಎಣ್ಣೆ, ಬೇಳೆ, ಸೋಪು ಜಾಸ್ತಿ ಹೋಗುತ್ತವೆ, ಹಳೇ ಉದ್ರಿಯೂ ಒಂದಿಷ್ಟು ತೀರುತ್ತದೆ. ಆದರೆ 2024ರ ಜೂನ್‌ನಲ್ಲಿ ರಾಜ್ಯ ಸರ್ಕಾರ ತೆರಿಗೆ ಏರಿಸಿ ಪೆಟ್ರೋಲ್, ಡೀಸೆಲ್ ಎರಡೂ ಲೀಟರಿಗೆ ಸುಮಾರು 3 ರೂಪಾಯಿ ಹೆಚ್ಚಾದವು. ಒಂದು ಕೈಲಿ ಕೊಟ್ಟು ಇನ್ನೊಂದು ಕೈಲಿ ಕಿತ್ತುಕೊಂಡ ಹಾಗಲ್ವಾ?

ಉತ್ತರ 1: ಪೂರ್ತಿ ಹಾಗಲ್ಲ ಅಣ್ಣಾ. ತಿಂಗಳಿಗೆ 20 ಲೀಟರ್ ಪೆಟ್ರೋಲ್ ಹಾಕಿಸುವ ಮನೆಗೆ 60 ರೂಪಾಯಿ ಹೆಚ್ಚಾಗುತ್ತದೆ, ಬರೋದು 2,000. ಬಡವರ ಕೈಲಿ ದುಡ್ಡು ಸುಮ್ನೆ ಕೂರಲ್ಲ. ನಿಮ್ಮ ಗಲ್ಲಾಕ್ಕೆ ಬರುತ್ತದೆ, ಅಲ್ಲಿಂದ ಹೋಲ್‌ಸೇಲ್‌ನವರಿಗೆ, ಅವರಿಂದ ಹಮಾಲರ ಕೂಲಿಗೆ. ನೀವು ಮಾರಿದ ಸೋಪಿನ ಜಿಎಸ್‌ಟಿಯಲ್ಲಿ ಸ್ವಲ್ಪ ಸರ್ಕಾರಕ್ಕೇ ವಾಪಸ್.

ಉತ್ತರ 2: ಬೈಕಿನ ಲೆಕ್ಕ ಮಾತ್ರ ಸಾಲದು. ನಾನು ಟೊಮೆಟೊ ಬೆಳೆಯುತ್ತೇನೆ. ಟ್ರ್ಯಾಕ್ಟರ್ ಉಳುಮೆ, ಮಂಡಿಗೆ ಹೋಗುವ ಟೆಂಪೊ ಬಾಡಿಗೆ, ಎರಡೂ ಡೀಸೆಲ್ ಮೇಲೇ ನಿಂತಿವೆ. ಆದಾಯ ತೆರಿಗೆಯಾದರೆ ಉಳ್ಳವರು ಜಾಸ್ತಿ ಕಟ್ಟುತ್ತಾರೆ, ಡೀಸೆಲ್‌ಗೆ ಎಲ್ಲರಿಗೂ ಒಂದೇ ರೇಟು. ನನ್ನ ಹೆಂಡತಿಗೂ ಗೃಹಲಕ್ಷ್ಮಿ ಬರುತ್ತದೆ, ಅದು ನಿಲ್ಲಬಾರದು. ಆದರೆ ಕಾಲುವೆ ಹೂಳು ತೆಗೆಸೋಕೂ ದುಡ್ಡು ಇಡಲಿ, ನೀರು ಬಂದರೆ ಇನ್ನೊಂದು ಬೆಳೆ ತೆಗೀತೀನಿ.

ಪ್ರಶ್ನೆ ಕೇಳಿದವರು: ಹೌದು, ನಿಮ್ಮ ಬೆಳೆ ಬಂದರೆ ನನ್ನ ಉದ್ರಿನೂ ತೀರುತ್ತೆ.