ಅಪ್‌ಡೇಟ್: ಏಪ್ರಿಲ್ ಹಡಗು ಪ್ರಯಾಣ ನಿಶ್ಚಯವಾಯಿತು

ಅಲಾಸ್ಕಾದ ಬೇಸಿಗೆ ಯಾತ್ರೆಗಳಿಗೆಂದು ಲಾಸ್ ಏಂಜಲಿಸ್‌ನಿಂದ ಕೆನಡಾದ ವ್ಯಾಂಕೂವರ್‌ಗೆ ಸ್ಥಳಾಂತರಗೊಳ್ಳುವ ಹಡಗಿನಲ್ಲಿ ಏಪ್ರಿಲ್ ಕೊನೆಗೆ ಹೋಗಬಹುದೇ, ಚಳಿ ಹೇಗಿರುತ್ತದೆ, ಬಂದರುಗಳಲ್ಲಿ ಏನು ನೋಡುವುದು ಎಂದು ಹುಬ್ಬಳ್ಳಿಯಿಂದ ಕೇಳಿದ್ದೆ. ಕೆನಡಾ ವೀಸಾ ಕೈಸೇರಿದ ಮೇಲೆಯೇ ಹಣ ಕಟ್ಟಿದೆ. ವಿದೇಶಿ ಧ್ವಜದ ಹಡಗುಗಳು ಅಮೆರಿಕದ ಒಂದು ಬಂದರಿನಲ್ಲಿ ಹತ್ತಿಸಿಕೊಂಡವರನ್ನು ಅಲ್ಲಿನ ಇನ್ನೊಂದು ಬಂದರಿಗೆ ನೇರವಾಗಿ ಸಾಗಿಸಬಾರದೆಂಬ 1886ರ ಕಾನೂನು ಇದೆ. ಪಯಣ ವ್ಯಾಂಕೂವರ್‌ನಲ್ಲಿ ಮುಗಿಯುವುದರ ಗುಟ್ಟು ಈಗ ತಿಳಿಯಿತು.

ಚಳಿಯ ಬಗ್ಗೆ ಎಚ್ಚರಿಸಿದವರಿಗೆ ಶರಣು. ಇಲ್ಲಿ ಏಪ್ರಿಲ್ ಎಂದರೆ ಫ್ಯಾನ್ ಬಿಟ್ಟು ಏಳಲಾಗದ ತಿಂಗಳು. ದಾರಿಯಲ್ಲಿ ಸಿಗುವ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹಗಲಿಗೇ 17 ಡಿಗ್ರಿ ಆಸುಪಾಸು, ಡೆಕ್ಕಿನ ಗಾಳಿ ಬೇರೆ. ದಪ್ಪ ಸ್ವೆಟರ್ ಬದಲು ಗಾಳಿ, ಮಳೆ ತಡೆಯುವ ಜಾಕೆಟ್ ಕೊಂಡೆ.

ದಾರಿಯ ಇನ್ನೊಂದು ಅಮೆರಿಕನ್ ಬಂದರು ಆಸ್ಟೋರಿಯಾಕ್ಕೆ ಮಾತ್ರ ಮುಂಗಡ ಪ್ರವಾಸ ಕಾಯ್ದಿರಿಸಿಲ್ಲ. ಅದರ ಬಳಿ ಕೊಲಂಬಿಯಾ ನದಿ ಕಡಲು ಸೇರುವಲ್ಲಿ ಅಲೆಗಳು ಬಲು ಒರಟು, ಹಡಗು ಒಳಗೆ ಹೋಗದೆಯೂ ಇರಬಹುದು. ಹೋದರೆ ಅಲ್ಲಿನ ಆಸ್ಟೋರಿಯಾ ಕಾಲಮ್ ಎಂಬ 1926ರ ಸ್ತಂಭದ 164 ಮೆಟ್ಟಿಲು ನನ್ನ ಪಾಲಿಗೆ; ಮನೆಯವರು ‘ನನಗೆ ನಮ್ಮೂರ ನೃಪತುಂಗ ಬೆಟ್ಟವೇ ಸಾಕು’ ಎಂದಿದ್ದಾರೆ. ಅವರ ಆಸೆಯೆಲ್ಲ ಕೆನಡಾದ ವಿಕ್ಟೋರಿಯಾ ನಗರದ ಬುಚಾರ್ಟ್ ಉದ್ಯಾನದ ಟ್ಯುಲಿಪ್ ಹೂಗಳ ಮೇಲೆ.

ಇನ್ನೊಂದು ಪ್ರಶ್ನೆ: ಖಡಕ್ ರೊಟ್ಟಿ, ಶೇಂಗಾ ಚಟ್ನಿಯನ್ನು ಹಡಗಿನೊಳಗೆ ಒಯ್ದವರು ಯಾರಾದರೂ ಇದ್ದೀರಾ?