27 ಇಂಚಿನ ಐಪಿಎಸ್ ಮಾನಿಟರ್: ಮೂಲೆಯಲ್ಲಿ ಹಳದಿ ಬೆಳಕು, ಒಂದು ಹಸಿರು ಚುಕ್ಕಿ. ವಾಪಸ್ ಮಾಡಲಾ?

ಪ್ರಶ್ನೆ:
ಎರಡು ತಿಂಗಳು ಹುಡುಕಿ 18 ಸಾವಿರಕ್ಕೆ 27 ಇಂಚಿನ ಐಪಿಎಸ್ (ಎಲ್‌ಸಿಡಿ ಪರದೆಯ ಒಂದು ಬಗೆ) ಮಾನಿಟರ್ ತಗೊಂಡೆ: 1440ಪಿ (2560×1440 ಪಿಕ್ಸೆಲ್), 144 ಹರ್ಟ್ಸ್ (ಸೆಕೆಂಡಿಗೆ 144 ಸಲ ಚಿತ್ರ ಬದಲಿಸುತ್ತೆ). ಹಗಲು ಕೋಡಿಂಗ್, ರಾತ್ರಿ ಸಿನಿಮಾ. ನಿನ್ನೆ ಲೈಟ್ ಆರಿಸಿ ಕೂತರೆ ಬಲಗಡೆ ಕೆಳಮೂಲೆಯಲ್ಲಿ ಕಪ್ಪು ಕಪ್ಪಾಗಿಲ್ಲ, ಹಳದಿ ಬೆಳಕು. ಫೋಟೊದಲ್ಲಂತೂ ಬೆಂಕಿ ಬಿದ್ದ ಹಾಗೆ ಕಾಣುತ್ತೆ. ನಡುವೆ ಒಂದು ಹಸಿರು ಚುಕ್ಕಿ ಬೇರೆ. ವಿಂಡೋಸ್‌ನಲ್ಲಿ 60 ಹರ್ಟ್ಸ್ ಮಾತ್ರ ಬರ್ತಿದೆ. ವಾಪಸ್ ಕೊಡೋಕೆ ಮೂರೇ ದಿನ ಉಳಿದಿದೆ. ದಯವಿಟ್ಟು ಹೇಳಿ.

ಉತ್ತರ 1:
ಫೋಟೊ ನಂಬಬೇಡಿ ಸರ್. ಕತ್ತಲಲ್ಲಿ ಫೋನ್ ತಾನಾಗೇ ಎಕ್ಸ್‌ಪೋಶರ್ ಏರಿಸಿ ಇಲ್ಲದ್ದನ್ನೂ ದೊಡ್ಡದು ಮಾಡುತ್ತೆ. ಬ್ರೈಟ್‌ನೆಸ್ಸನ್ನು ನೀವು ದಿನಾ ಇಟ್ಟುಕೊಳ್ಳುವಷ್ಟಕ್ಕೆ ಇಳಿಸಿ, ಪೂರ್ತಿ ಕಪ್ಪು ಚಿತ್ರ ಹಾಕಿ, ಕಣ್ಣಲ್ಲೇ ನೋಡಿ. ಆಮೇಲೆ ತಲೆಯನ್ನು ಆ ಮೂಲೆಯ ನೇರಕ್ಕೆ ತನ್ನಿ, ಒಂದೆರಡು ಅಡಿ ಹಿಂದಕ್ಕೂ ಸರಿಯಿರಿ. ಬೆಳಕು ಮಂಕಾದರೆ, ಜಾಗ ಬದಲಿಸಿದರೆ, ಅದು ಐಪಿಎಸ್ ಗ್ಲೋ. ಆ ಬಗೆಯ ಪ್ಯಾನೆಲ್‌ನ (ಪರದೆಯ) ಸ್ವಭಾವವೇ ಅದು, ಬದಲಿ ತಂದರೂ ಇರುತ್ತೆ. ಎಲ್ಲಿಂದ ನೋಡಿದರೂ ಅಲ್ಲೇ ಅಂಟಿಕೊಂಡಿದ್ದರೆ ಬ್ಯಾಕ್‌ಲೈಟ್ ಬ್ಲೀಡ್: ಚೌಕಟ್ಟು ಪ್ಯಾನೆಲ್ಲನ್ನು ಸರಿಯಾಗಿ ಹಿಡಿದಿಲ್ಲ, ಹಿಂದಿನ ಬೆಳಕು ಅಂಚಿನಿಂದ ಸೋರುತ್ತಿದೆ. ಅದು ಒಂದೊಂದು ಪೀಸಿಗೆ ಒಂದೊಂದು ಥರ ಇರುತ್ತೆ, ಹಾಗಾಗಿ ಬದಲಿ ಕೇಳಲೇಬೇಕು. ಸ್ಕ್ರೂ ಸಡಿಲಿಸಿ ಅಂತ ವಿಡಿಯೊಗಳಲ್ಲಿ ಹೇಳ್ತಾರೆ, ವಾರಂಟಿ ಇರುವಾಗ ಆ ಕೆಲಸ ಬೇಡವೇ ಬೇಡ.

ಚುಕ್ಕಿಗೆ: ಮೊದಲು ಮೈಕ್ರೊಫೈಬರ್ ಬಟ್ಟೆಯಲ್ಲಿ ಒರೆಸಿ. ಕಪ್ಪಿನ ಮೇಲೆ ಹಸಿರು, ಕೆಂಪಿನ ಮೇಲೆ ಹಳದಿ, ಬಿಳಿಯಲ್ಲಿ ಮಾಯ ಆದರೆ ಹಸಿರು ಉಪಪಿಕ್ಸೆಲ್ (ಒಂದು ಪಿಕ್ಸೆಲ್‌ನ ಕೆಂಪು, ಹಸಿರು, ನೀಲಿ ಭಾಗಗಳಲ್ಲಿ ಒಂದು) ಉರಿಯುತ್ತಾ ಸಿಕ್ಕಿಕೊಂಡಿದೆ. ಬಣ್ಣಗಳನ್ನು ಬೇಗ ಬೇಗ ಬದಲಿಸುವ ವಿಡಿಯೊವನ್ನು ಅಲ್ಲಿ ಕೆಲವು ಗಂಟೆ ಓಡಿಸಿ, ಒಮ್ಮೊಮ್ಮೆ ಬಿಡುತ್ತೆ. ಬೆರಳಲ್ಲಿ ಒತ್ತಬೇಡಿ, ಪಕ್ಕದವೂ ಹಾಳಾಗಬಹುದು. ಯಾವಾಗಲೂ ಕಪ್ಪಾಗೇ ಇರುವ ಚುಕ್ಕಿಯಾಗಿದ್ದರೆ ಆಸೆ ಇಟ್ಟುಕೊಳ್ಳುವಂತಿರಲಿಲ್ಲ.

ವಾರಂಟಿಯಲ್ಲಿ ಒಂದೇ ಚುಕ್ಕಿಗೆ ಬದಲಿ ಸಿಗೋದು ಕಷ್ಟ. ಐಎಸ್‌ಒ 9241-307 ಮಾನದಂಡ ಪ್ಯಾನೆಲ್‌ಗಳನ್ನು ವರ್ಗ ಮಾಡಿ, ಹತ್ತು ಲಕ್ಷ ಪಿಕ್ಸೆಲ್‌ಗೆ ಇಷ್ಟು ದೋಷ ಅಂತ ಲೆಕ್ಕ ಹಾಕುತ್ತೆ. ಪೂರ್ತಿ ದೋಷವಿಲ್ಲದ್ದು 0 ವರ್ಗ ಮಾತ್ರ. ನಿಮ್ಮದರಲ್ಲಿ ಸುಮಾರು 37 ಲಕ್ಷ ಪಿಕ್ಸೆಲ್. ಅದಕ್ಕೇ ಅಂಗಡಿಯ ವಾಪಸಿನ ಈ ಮೂರು ದಿನ ವಾರಂಟಿಯ ಮೂರು ವರ್ಷಕ್ಕಿಂತ ಮುಖ್ಯ.

ಉತ್ತರ 2:
60 ಹರ್ಟ್ಸ್ ಮಾನಿಟರ್ ತಪ್ಪಲ್ಲ ಅನ್ಸುತ್ತೆ. ನಿಮ್ಮ ಕಂಪ್ಯೂಟರ್‌ನ ಎಚ್‌ಡಿಎಂಐ ಹಳೆಯ 1.4 ಆವೃತ್ತಿ ಆಗಿದ್ದರೆ 1440ಪಿಗೆ 144 ಎಳೆಯಲ್ಲ. ಡಿಸ್‌ಪ್ಲೇಪೋರ್ಟ್ ಕೇಬಲ್ ಹಾಕಿ, ಅಡ್ವಾನ್ಸ್ಡ್ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ನೀವೇ 144 ಆರಿಸಿ.

ರಾತ್ರಿ ಸಿನಿಮಾನೇ ಹೆಚ್ಚಾದರೆ ವಿಎ ಪ್ಯಾನೆಲ್ (ಎಲ್‌ಸಿಡಿಯ ಇನ್ನೊಂದು ಬಗೆ) ಯೋಚಿಸಿ. ಐಪಿಎಸ್ ಕಾಂಟ್ರಾಸ್ಟ್ (ಬಿಳಿ ಕಪ್ಪಿಗಿಂತ ಎಷ್ಟು ಪಟ್ಟು ಬೆಳಗುತ್ತೆ ಅನ್ನೋದು) ಸುಮಾರು 1000:1, ವಿಎ ಸಾಮಾನ್ಯವಾಗಿ 3000:1, ಕಪ್ಪು ಇನ್ನೂ ಗಾಢ. ಆದರೆ ಅನೇಕ ವಿಎಗಳಲ್ಲಿ ಕಪ್ಪು ಹಿನ್ನೆಲೆಯ ಕೋಡನ್ನು ಸ್ಕ್ರೋಲ್ ಮಾಡುವಾಗ ಅಕ್ಷರಗಳ ಹಿಂದೆ ನೆರಳು ಎಳೆಯುತ್ತೆ. ಎಂಟು ಗಂಟೆ ಕೋಡ್ ಬರೆಯೋರಿಗೆ ನನ್ನ ಮಟ್ಟಿಗೆ ಐಪಿಎಸ್ಸೇ ಸರಿ.

ಪ್ರಶ್ನೆ ಕೇಳಿದವರು:
ತಲೆ ಎಷ್ಟು ಸರಿಸಿದರೂ ಬೆಳಕು ಅಲ್ಲೇ ಇತ್ತು, ಬ್ಲೀಡೇ. ಬದಲಿ ಬಂತು. ಇದರಲ್ಲಿ ನಾಲ್ಕೂ ಮೂಲೆಯಲ್ಲಿ ಸ್ವಲ್ಪ ಗ್ಲೋ ಇದೆ, ಹಿಂದೆ ಸರಿದರೆ ಹೋಗುತ್ತೆ. ಕಪ್ಪು, ಬಿಳಿ, ಕೆಂಪು, ಹಸಿರು, ನೀಲಿ ಐದೂ ಬಣ್ಣ ಹಾಕಿ ನೋಡಿದೆ, ಚುಕ್ಕಿ ಇಲ್ಲ. ಕೇಬಲ್ ಬದಲಿಸಿದ ಮೇಲೆ 144 ಬಂತು. ಇಬ್ಬರಿಗೂ ತುಂಬಾ ಧನ್ಯವಾದ.